ನೀಲಿ ಪೆಟ್ಟಿಗೆಯೊಳಗಿನ ಪ್ರವಾಹ

"ಈ ಡಬ್ಬದ ಜೊತೆ ಡಬ್ಬಣ್ಣನನ್ನೂ ಗುಜರಿಗೆ ಹಾಕ್ರೋ, ಇವರಕ್ಕನ ಮುಖ ನೋಡಿ ಇಷ್ಟು ವರ್ಷ ಸಾಕಿದ್ದು ಸಾಕು!"

ಸ್ಟುಡಿಯೋ ಮಾಲೀಕ ಭಾವ ಹೀಗೆಂದದ್ದೇ ತಡ, ಎಡಿಟಿಂಗ್ ಕೋಣೆಯ ಹೊಸ ಹುಡುಗರು ಘೊಳ್ಳೆಂದು ನಕ್ಕರು. ಡಬ್ಬಣ್ಣನ ಕಿವಿ ಬಿಸಿಯಾಯಿತು. ಆದರೆ ಇವತ್ತು ಜಗಳಕ್ಕೆ ನಿಲ್ಲುವ ಹಾಗಿರಲಿಲ್ಲ. ಭಾವ ನಿರ್ಮಿಸಿದ್ದ ಹಳೆಯ ಸಿನಿಮಾ ಮತ್ತೆ ತೆರೆಗೆ ಬರಲಿತ್ತು. ಅದರಲ್ಲಿ ಊರನ್ನೇ ನುಂಗುವ ಪ್ರವಾಹ ಪೂರ್ತಿ ಡಬ್ಬಣ್ಣ ಗ್ರಾಫಿಕ್ಸಿನಲ್ಲಿ ಮಾಡಿದ್ದು. ಹಳೇ ಪ್ರಿಂಟು ಮಸುಕು, ನಾವು ಹೊಸ ನೀರು ಮಾಡ್ತೀವಿ ಎಂದು ಹುಡುಗರು ಹೊರಟಿದ್ದರು. ಮಾಡಿದರೆ ಇವನ ನೀರೂ ಹೋಯಿತು, ಹೆಸರೂ ಹೋಯಿತು. ಜೀವಮಾನದಲ್ಲಿ ತೋರಿಸಿಕೊಳ್ಳಲು ಇದ್ದದ್ದು ಅದೊಂದೇ.

"ಮೂಲ ಇದರೊಳಗೇ ಇದೆ ಭಾವ. ಚೊಕ್ಕವಾಗಿ ತೆಗೆದುಕೊಡ್ತೀನಿ."

"ತೆಗಿ, ನೋಡೇಬಿಡೋಣ. ಹೊಗೆ ಬಂದ್ರೆ ನೀನೇ ಆರಿಸು, ನೀರು ನಿಂದೇ ತಾನೆ?"

ಫ್ರಿಜ್ಜಿನೆತ್ತರದ ನೀಲಿ ಗ್ರಾಫಿಕ್ಸ್ ಯಂತ್ರ. ಒಂದು ಕಾಲಕ್ಕೆ ಎಸಿ ಅದಕ್ಕೆ, ಬೆವರು ಜನಕ್ಕೆ. ಈಗ ಅದರ ತಲೆ ಮೇಲೆ ಹುಡುಗರ ಎಂಜಲು ಲೋಟ. ಡಬ್ಬಣ್ಣ ಲೋಟ ಇಳಿಸಿ ಗುಂಡಿ ಒತ್ತಿದ. ಫ್ಯಾನು ಗೊರಗೊರ ಎಂದಿತು, ಕೆಮ್ಮಿತು, ಪರದೆ ಬೆಳಗಿತು. ನಗು ನಿಂತಿತು. ಹುಡುಗರ ಮೇಲ್ವಿಚಾರಣೆಯ ಹೆಂಗಸು ಕುರ್ಚಿ ಎಳೆದುಕೊಂಡು ಹತ್ತಿರ ಬಂದಳು.

ಪ್ರವಾಹದ ಫೋಲ್ಡರ್ ತೆರೆದ. ಅದರಲ್ಲಿದ್ದದ್ದು ಒಂದೇ ಫೈಲು. ಒತ್ತಿದ. ಕಪ್ಪು ಪರದೆಯ ಮೇಲೆ ಭಾವನ ಹೆಸರು ಬಂಗಾರದ ಅಕ್ಷರಗಳಲ್ಲಿ ಗರಗರ ತಿರುಗತೊಡಗಿತು.

"ಅರೆ, ಇದಿನ್ನೂ ಇದೆಯೇನೋ!" ಭಾವ ಚಪ್ಪಾಳೆ ತಟ್ಟಿದ. "ನೀನು ಜ್ವರ ಅಂತ ಮಲಗಿದ್ದಾಗ ಮಾಡಿಸಿದ್ದು. ಯಂತ್ರದಲ್ಲಿ ಜಾಗ ಸಾಲಲ್ಲ ಅಂದ ಆ ಇನ್ನೊಬ್ಬ ಆಪರೇಟರು. ರೀಲಿಗೆ ಇಳಿದಾಯ್ತಲ್ಲ, ಆ ನೀರು ಅಳಿಸಯ್ಯ ಅಂದೆ. ಆಗೆಲ್ಲ ಹಂಗೇ ಅಲ್ವಾ?"

ಹೌದು, ಆಗೆಲ್ಲ ಹಾಗೇ. ದೃಶ್ಯ ರೀಲಿಗೆ ಇಳಿದರೆ ಯಂತ್ರದಿಂದ ಅಳಿಸಿ ಮುಂದಿನದಕ್ಕೆ ಜಾಗ ಮಾಡುವುದು. ಕಂಡವರ ಬೆಟ್ಟ, ಬೆಂಕಿ, ಹಕ್ಕಿಗಳನ್ನು ಇವನೇ ಅಳಿಸಿದ್ದ. ತನ್ನ ನೀರನ್ನು ಮಾತ್ರ ಮನೆಯವರೇ ಮುಟ್ಟುತ್ತಾರೆಂದು ಎಣಿಸಿರಲಿಲ್ಲ. ಯಂತ್ರ ಮೂಲೆ ಸೇರಿದ ಮೇಲಂತೂ, ಚಾಲೂ ಮಾಡಿದರೆ ಎಲ್ಲಿ ಕೆಡುವುದೋ ಎಂದು ಒಮ್ಮೆಯೂ ತೆರೆದು ನೋಡದೆ, ಬರೀ ಧೂಳು ಒರೆಸುತ್ತ ತಲೆ ನರೆಸಿಕೊಂಡಿದ್ದ.

"ಶುರುವಿಗೆ ಇದನ್ನೇ ಹಾಕೋಣ, ಜನ ಶಿಳ್ಳೆ ಹೊಡೀತಾರೆ! ತೆಗಿಯೋ ಡಬ್ಬಣ್ಣ."

ಡಬ್ಬಣ್ಣ ಎದ್ದ. ಹುಡುಗರ ಕಾಲುಗಳನ್ನು ದಾಟಿಕೊಂಡು ಬಾಗಿಲ ಕಡೆ ನಡೆದ.

"ಏಯ್, ಎಲ್ಲಿಗೋ? ನಿಮ್ಮಕ್ಕನಿಗೆ ಏನಂತ ಹೇಳ್ಲಿ ನಾನು? ಏಯ್!"

ಅವನು ಆಗಲೇ ಮೆಟ್ಟಿಲಿಳಿಯುತ್ತಿದ್ದ.