ಕುತ್ತಿಗೆಯ ಮೇಲೆ ಎರಡು ಬೆರಳು

ಕುರಿಯ ವಾಸನೆ, ಮಳೆಯಲ್ಲಿ ನೆಂದು ನಿಂತ ಕುರಿಯ ವಾಸನೆ, ಬೆರಳ ಸಂದಿಗೆ ಇಳಿದಿದೆ, ಉಗುರಿನ ಅಡಿಗೆ ಇಳಿದಿದೆ, ಇನ್ನು ಮೂರು ದಿನ ಯಾವ ಹಿಟ್ಟು ನಾದಿದರೂ ಚಪಾತಿಗೆ ಇದೇ ವಾಸನೆ, ಥೂ, ಎಂದುಕೊಳ್ಳುತ್ತಲೇ ಚಂದ್ರಿಕಾ ಡಬ್ಬಿಯಿಂದ ಇನ್ನೊಂದು ಉಂಡೆ ಜಿಡ್ಡು ತೆಗೆದು ಗಂಡನ ಕುತ್ತಿಗೆಗೆ ಮೆತ್ತಿದಳು, ಉಣ್ಣೆಯಿಂದ ಹಿಂಡಿದ ಜಿಡ್ಡಂತೆ, ಕುರಿ ಕೊಂದದ್ದಲ್ಲ, ಹಾಗಾಗಿ ದೋಷವಿಲ್ಲ ಎಂದು ರಾಜಶೇಖರ ತನಗೆ ತಾನೇ ಶಾಸ್ತ್ರ ಹೇಳಿಕೊಂಡಿದ್ದ, ಮೊಟ್ಟೆ ಹಾಕಿರಬಹುದೆಂದು ಕೇಕನ್ನು ಮೂಸಿ ಪಕ್ಕಕ್ಕಿಡುವ ಮನುಷ್ಯ, ಐವತ್ಮೂರು ವರ್ಷದ ಮೂಳೆ ಡಾಕ್ಟರು, ಈಗ ಕಾರಿನ ಡಿಕ್ಕಿಗೆ ಕೈಯೂರಿ ಬಗ್ಗಿ ನಿಂತಿದ್ದಾನೆ, ಕಪ್ಪು ರಬ್ಬರ್ ಅಂಗಿ ಸೊಂಟದವರೆಗೆ ಬಂದು ಸಿಕ್ಕಿಕೊಂಡಿದೆ, ಹೊಟ್ಟೆ ಅದರ ಮೇಲೆ ತುಳುಕುತ್ತಿಲ್ಲ, ಮೊದಲು ತುಳುಕುತ್ತಿತ್ತು, ಆ ಹೊಟ್ಟೆಯೇ ಚೆನ್ನಾಗಿತ್ತು, ಈಗ ಪಕ್ಕೆಲುಬು ಎಣಿಸಬಹುದು, ಚರ್ಮ ಜೋತಿದೆ. ಕಿವಿ ಹಿಂದ ಹಚ್ಚು, ಅಲ್ಲೇ ಉಜ್ಜತದ, ಎಂದ. ಹಚ್ಚಿದಳು. ಹಡರ್ಸ್‌ಫೀಲ್ಡಿನಿಂದ ಅರ್ಧ ಗಂಟೆ ಮೇಲಕ್ಕೆ ಹತ್ತಿ ಬಂದರೆ ಈ ಕೆರೆ, ಸುತ್ತ ಬೋಳು ಗುಡ್ಡ, ಸೆಪ್ಟೆಂಬರ್ ತಿಂಗಳ ಬೆಳಗಿನ ಆರೂವರೆ, ಕಾರಿನ ಗಾಜಿನ ಮೇಲೆ ಮಂಜು ಹೆಪ್ಪುಗಟ್ಟಿದೆ, ಮನುಷ್ಯರಾದವರು ಹೊದ್ದು ಮಲಗುವ ಹೊತ್ತಿಗೆ ನಾನೂರು ಜನ ಬತ್ತಲೆ ಬೆನ್ನಿಗೆ ಜಿಡ್ಡು ಬಳಿಸಿಕೊಳ್ಳುತ್ತಿದ್ದಾರೆ, ನಾಲ್ಕು ಕಿಲೋಮೀಟರು ಈಜಬೇಕು, ಆಮೇಲೆ ನೂರಾ ಎಂಬತ್ತು ಕಿಲೋಮೀಟರು ಸೈಕಲ್ಲು, ಅಷ್ಟಕ್ಕೂ ಜೀವ ಉಳಿದಿದ್ದರೆ ನಲವತ್ತೆರಡು ಕಿಲೋಮೀಟರು ಓಟ, ಯಾವ ಪಾಪಕ್ಕೆ. ಆ ಕಡೆ ಹನ್ನೆರಡು ಪ್ಲಾಸ್ಟಿಕ್ ಕಕ್ಕಸುಗಳ ಸಾಲು, ಬಾಗಿಲು ತೆರೆದಾಗೊಮ್ಮೆ ಅದರ ನೀಲಿ ಔಷಧದ ಗಬ್ಬು ಗಾಳಿಯಲ್ಲಿ ಬರುತ್ತದೆ, ಸಾಲಿನಲ್ಲಿ ನಿಂತವರು ಪುಟ್ಟ ಪ್ಯಾಕೆಟ್ಟಿನ ಸಕ್ಕರೆ ಅಂಟನ್ನು ಹೀರುತ್ತಾರೆ, ನೆಗಡಿಯಾದ ಮಗುವಿನ ಮೂಗಿನ ಕೆಳಗೆ ಇರುತ್ತದಲ್ಲ ಅಂಥದ್ದು, ಒಂದು ಬಾಗಿಲಿಗೆ ಕಾಯುತ್ತ ಇನ್ನೊಂದನ್ನು ತುಂಬಿಕೊಳ್ಳುವುದು. ನೀರಿಗಿಳಿದ ಮೇಲೆ ರಬ್ಬರಿನೊಳಗೇ ಒಂದಕ್ಕೆ ಮಾಡಿಕೊಳ್ಳುತ್ತಾರಂತೆ, ಮೈ ಬೆಚ್ಚಗಾಗುತ್ತದಂತೆ, ಇದನ್ನು ಈ ಮಹಾನುಭಾವ ಯುಗಾದಿ ಊಟದಲ್ಲಿ ಎಲ್ಲರ ಎದುರು ಹೇಳಿದ್ದ, ಅವಳು ಹೋಳಿಗೆಗೆ ತುಪ್ಪ ಬಡಿಸುತ್ತಿದ್ದಳು, ನಮ್ಮ ಮಂದಿಯೊಳಗ ಯಾರೂ ಇದನ್ನ ಮಾಡಿಲ್ಲ, ನಾನs ಮೊದಲು, ಎಂದಾಗ ಚಪ್ಪಾಳೆ ಬಿದ್ದಿತ್ತು, ತುಪ್ಪದ ಗಿಂಡಿ ಹಿಡಿದುಕೊಂಡು ಅವಳೂ ನಕ್ಕಿದ್ದಳು. ಈಗ ಅವನು ಬೆನ್ನು ನೆಟ್ಟಗೆ ಮಾಡಿದ, ಕೆರೆಯ ಕಡೆ ನೋಡಿದ, ಯಾರೂ ನೋಡುತ್ತಿಲ್ಲ ಎಂದುಕೊಂಡು ಬಲಗೈಯ ಎರಡು ಬೆರಳನ್ನು ದವಡೆಯ ಕೆಳಗೆ, ಕುತ್ತಿಗೆಯ ಪಕ್ಕಕ್ಕೆ ಒತ್ತಿದ. ಏನಾತ್ರೀ, ಎಂದಳು. ಏನಿಲ್ಲ, ಜಿಡ್ಡು ಭಾಳ ಆತು, ಎಂದು ಬೆರಳು ಒರೆಸಿಕೊಂಡ.

ಜಿಡ್ಡು ಭಾಳ ಆಯಿತಂತೆ, ನನ್ನ ಕಿವಿಗೆ ಹೂ ಇಡುತ್ತಾನೆ, ಇಪ್ಪತ್ತೇಳು ವರ್ಷ ಜೊತೆಗೆ ಬಾಳಿದವಳಿಗೆ, ದಿನಕ್ಕೆ ಮೂವತ್ತು ಜನರ ನಾಡಿ ಹಿಡಿಯುವವಳಿಗೆ— ಬೆಳಗ್ಗೆ ನಾಲ್ಕಕ್ಕೆ ಗಂಜಿ ಕುಡಿಯುವಾಗಲೂ ಅದೇ ಎರಡು ಬೆರಳು, ಚಮಚ ಎಡಗೈಯಲ್ಲಿ, ಬಲಗೈ ಕುತ್ತಿಗೆಯಲ್ಲಿ, ಕಣ್ಣು ಗೋಡೆಯ ಗಡಿಯಾರದ ಸೆಕೆಂಡ್ ಮುಳ್ಳಿನ ಮೇಲೆ, ಅವಳು ಒಳಗೆ ಬಂದ ಕೂಡಲೇ ಕೈ ಕೆಳಗೆ ಬಂತು, ಕದ್ದು ಬೆಲ್ಲ ತಿನ್ನುವ ಹುಡುಗನ ಕೈ ಬಂದ ಹಾಗೆ. ಕಾರಿನಲ್ಲಿ ಸಿಗ್ನಲ್ ಕೆಂಪಾದಾಗ ಮತ್ತೆ. ಅವನಿಗೂ ಗೊತ್ತು, ಅವಳಿಗೂ ಗೊತ್ತು, ಜೂನ್ ತಿಂಗಳಿನಿಂದ ಗೊತ್ತು. ಐವತ್ತು ದಾಟಿದವರು ಡಾಕ್ಟರ ಪತ್ರ ತರಬೇಕು ಎಂದು ಸ್ಪರ್ಧೆಯವರ ನಿಯಮ, ಬೇರೆಯವರಾಗಿದ್ದರೆ ತಮ್ಮ ಬಡಾವಣೆಯ ಡಾಕ್ಟರ, ಜಿಪಿಯ ಹತ್ತಿರ ಹೋಗುತ್ತಿದ್ದರು, ಹೋಗಿ ಸಾಲಿನಲ್ಲಿ ಕೂರುತ್ತಿದ್ದರು, ನಮ್ಮ ಮನೆಗಳಲ್ಲಿ ಆ ಪದ್ಧತಿಯೇ ಇಲ್ಲವಲ್ಲ, ಮನೆಯಲ್ಲಿ ಇಬ್ಬಿಬ್ಬರು ಡಾಕ್ಟರಿರುವಾಗ ಹೊರಗಿನವರ ಮುಂದೆ ಯಾಕೆ ಅಂಗಿ ಬಿಚ್ಚಬೇಕು, ಜ್ವರವೋ ಕೆಮ್ಮೋ ಮಕ್ಕಳ ಕಿವಿನೋವೋ ಎಲ್ಲವೂ ಅಡುಗೆಮನೆಯ ಮೇಜಿನ ಹತ್ತಿರವೇ ಆಗಬೇಕು, ಔಷಧ ಸಾಂಬಾರು ಪುಡಿಯ ಡಬ್ಬಿಯ ಹಿಂದೆಯೇ ಇರಬೇಕು, ಮನೆಯವರಿಗೆ ಮದ್ದು ಕೊಡಬಾರದು ಎಂದು ಹೊಸ ಡಾಕ್ಟರುಗಳಿಗೆ ಅವಳೇ ಪಾಠ ಮಾಡಿದ್ದಾಳೆ, ಹೇಳುವುದು ಆಚಾರ ತಿನ್ನುವುದು ಬದನೇಕಾಯಿ. ಆ ಮೇಜಿನ ಹತ್ತಿರವೇ ಅವನು ಬನಿಯನ್ ಎತ್ತಿಕೊಂಡು ಕುಳಿತ, ಎದೆಯ ಮೇಲೆ ತೂಗುವ ಲಿಂಗದ ಬೆಳ್ಳಿ ಕರಡಿಗೆಯನ್ನು ಅವಳು ಪಕ್ಕಕ್ಕೆ ಸರಿಸಿ ಸ್ಟೆತಸ್ಕೋಪ್ ಇಟ್ಟಳು, ಕುಕ್ಕರ್ ಎರಡನೇ ಸೀಟಿ ಹೊಡೆಯಿತು, ತಡೀರಿ ಎಂದು ಗ್ಯಾಸ್ ಆರಿಸಿ ಬಂದು ಮತ್ತೆ ಇಟ್ಟಳು, ಒಂದು ಬಡಿತ, ಎರಡು, ಮೂರು, ಆಮೇಲೆ ಏನೂ ಇಲ್ಲ, ಏನೂ ಇಲ್ಲ, ಆಮೇಲೆ ಒಳಗಿನಿಂದ ಯಾರೋ ಬಾಗಿಲು ಒದ್ದ ಹಾಗೆ ಒಂದು ಗುದ್ದು, ಆಮೇಲೆ ಗಡಿಬಿಡಿಯಲ್ಲಿ ಏಳೆಂಟು ಒಟ್ಟೊಟ್ಟಿಗೆ. ಇಸಿಜಿ ತೆಗೆಸ್ರಿ, ಅಂದಳು. ತೆಗಸ್ತೀನಿ ತಗೋ, ರೇಸ್ ಮುಗೀಲಿ, ಅಂದ. ಈಗs ತೆಗೆಸ್ರಿ, ಅಂದಳು. ಒಂದು ವಾರ ಅದೇ, ಊಟದ ಹೊತ್ತಿಗೆ ಅದೇ, ಮಲಗುವಾಗ ಅದೇ, ನಿನಗ ನಾ ಗೆಲ್ಲೋದು ಬ್ಯಾಡಾಗೇದ ಎಂಬಲ್ಲಿಗೆ ಬಂತು, ಅಲ್ಲಿಂದ ಅವನ ಅಮ್ಮ ಇವಳ ಅಮ್ಮ ಎಲ್ಲರೂ ಮಾತಿನಲ್ಲಿ ಎದ್ದು ಬಂದರು, ಮ್ಯಾಂಚೆಸ್ಟರಿನಲ್ಲಿ ಓದುವ ಮಗಳು ಆಶ್ರಿತಾ ಫೋನಿನಲ್ಲಿ, ಮಮ್, ಜಸ್ಟ್ ಲೆಟ್ ಹಿಮ್, ಅಂದಳು. ಎಂಟನೆಯ ದಿನ ಚಂದ್ರಿಕಾ ಕ್ಲಿನಿಕ್ಕಿನ ಹೆಸರಿರುವ ಕಾಗದ ತೆಗೆದು ಬರೆದಳು, ಹೃದಯದ ಬಡಿತ ಕ್ರಮಬದ್ಧವಾಗಿದೆ, ಕ್ರಮಬದ್ಧ, ಅದನ್ನು ಬರೆದ ಪೆನ್ನು ಕೂಡ ಅಲ್ಲೊಮ್ಮೆ ನಿಲ್ಲಲಿಲ್ಲ. ಕೆಳಗೆ ಡಾ. ಸಿದ್ದರಾಮಪ್ಪ ಎಂದು ಸಹಿ. ಈ ದೇಶಕ್ಕೆ ಬಂದಾಗ ಅರ್ಜಿಯ ಕೊನೆಯ ಹೆಸರಿನ ಜಾಗದಲ್ಲಿ ಅಪ್ಪನ ಹೆಸರು ಬರೆದವಳು ಅವಳೇ, ಅಂದಿನಿಂದ ರೋಗಿಗಳಿಗೆಲ್ಲ ಡಾಕ್ಟರ್ ಸಿದ್, ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ನ್ಯಾಯ ಹೇಳುತ್ತಿದ್ದ ಅಪ್ಪ ಸಿದ್ದರಾಮಪ್ಪ, ಬಾಯಲ್ಲಿ ಸುಳ್ಳು ಬಂದರೆ ಉಪ್ಪುನೀರು ಮುಕ್ಕಳಿಸುತ್ತಿದ್ದ ಅಪ್ಪ, ಅವನ ಹೆಸರು ಅಲ್ಲಿ ಕುಳಿತಿದೆ, ಬರೆದವಳು ಹೆಂಡತಿ ಎಂದು ಯಾರಿಗೂ ತಿಳಿಯದ ಹಾಗೆ ಕುಳಿತಿದೆ. ಜಗಳಕ್ಕೆ ಸಾಕಾಗಿ ಬರೆದೆ ಎಂದು ಅವಳು ಇಷ್ಟು ದಿನ ತನಗೆ ತಾನೇ ಹೇಳಿಕೊಂಡದ್ದು, ಅದೂ ಪೂರ್ತಿ ನಿಜವಲ್ಲ, ಭಾನುವಾರ ಅವನು ಬೆಳಗ್ಗೆ ಸೈಕಲ್ ಹತ್ತಿದರೆ ಸಂಜೆಗೇ ಬರುವುದು, ಆ ಇಡೀ ದಿನ ಮನೆ ಅವಳದು, ರೇಡಿಯೋ ಇಲ್ಲ, ಷರಟು ಎಲ್ಲಿ ಚಾ ಎಲ್ಲಿ ಇಲ್ಲ, ಕಿಟಕಿಯ ಹತ್ತಿರ ಕಾಲು ಚಾಚಿ ಕುಳಿತರೆ ಯಾರೂ ಕೇಳುವವರಿಲ್ಲ, ಆ ಭಾನುವಾರಗಳ ಆಸೆಗೆ ಬರೆದೆ, ಹೌದು, ಆ ಸುಖಕ್ಕೆ, ಇದನ್ನು ನೆನೆದರೆ ಜಿಡ್ಡಿನ ವಾಸನೆಗಿಂತ ತನ್ನ ವಾಸನೆಯೇ ಅವಳಿಗೆ ಹೆಚ್ಚು ಹೇಸಿಗೆಯಾಗುತ್ತದೆ.

ಹಿಡಕೋ ಇದನ್ನ, ಕೆಳಗ ಇಡಬ್ಯಾಡ, ಎಂದು ಅವನು ಕರಡಿಗೆಯನ್ನು ಕೊರಳಿನಿಂದ ತೆಗೆದ, ರಬ್ಬರಿನ ಒಳಗೆ ಒತ್ತುತ್ತದೆ, ದಾರ ಕೊಯ್ಯುತ್ತದೆ, ದೀಕ್ಷೆಯಾದಂದಿನಿಂದ ಆಪರೇಷನ್ ಥಿಯೇಟರಿನಲ್ಲೂ ತೆಗೆಯದವನು ಈಗ ತೆಗೆದು ಅವಳ ಎದುರು ಹಿಡಿದಿದ್ದಾನೆ, ಅವಳ ಎರಡೂ ಕೈ ಜಿಡ್ಡು, ತಡೀರಿ ತಡೀರಿ ಎಂದಳು, ಸೀರೆಯಿದ್ದಿದ್ದರೆ ಸೆರಗಿಗೆ ಒರೆಸುತ್ತಿದ್ದಳು, ಕೋಟಿಗೆ ಒರೆಸಿದಳು, ಹುಲ್ಲಿಗೆ ಒರೆಸಿದಳು, ಹೋಗಲಿಲ್ಲ, ಆ ಕೈಯಲ್ಲೇ ತೆಗೆದುಕೊಂಡಳು, ಬೆಳ್ಳಿಯ ಮೇಲೆ ಅವಳ ಹೆಬ್ಬೆರಳಿನ ಗುರುತು ಮಂಜಾಗಿ ಮೂಡಿತು, ಅದು ಇನ್ನೂ ಬೆಚ್ಚಗಿತ್ತು, ಇಷ್ಟು ಹೊತ್ತು ಅವನ ಎದೆಯ ಮೇಲಿತ್ತಲ್ಲ. ರಬ್ಬರ್ ಅಂಗಿಯ ಜಿಪ್ಪನ್ನು ಬೆನ್ನ ಮೇಲೆ ಎಳೆದು ಮುಚ್ಚಿದವಳೂ ಅವಳೇ, ಮೊಣಕಾಲನ್ನು ಅವನ ಸೊಂಟಕ್ಕೆ ಊರಿ ಎಳೆಯಬೇಕಾಯಿತು, ಕುತ್ತಿಗೆಯವರೆಗೆ ಬಿಗಿದ ಮೇಲೆ ಅವನ ಉಸಿರು ಒಮ್ಮೆ ನಿಂತು ಹೊರಟದ್ದು ಅವಳ ಕೈಗೆ ತಿಳಿಯಿತು. ಬ್ಯಾಡ್ರೀ, ಎಂದಳು. ಇನ್ನೂ ಬ್ಯಾಡಂದ್ರ ಹೆಂಗ, ಎಂದು ಅವನು ನಕ್ಕ, ಆ ನಗುವಿನಲ್ಲಿ ತುಟಿ ನೀಲಿಯಾಗಿತ್ತೋ, ಚಳಿಗೋ, ಬೆಳಕೇ ಹಾಗಿತ್ತೋ, ಆಗಸ್ಟಿನಲ್ಲಿ ಸೈಕಲ್ಲಿನಿಂದ ಇಳಿದು ಗ್ಯಾರೇಜಿನ ನೆಲದ ಮೇಲೆ ಹತ್ತು ನಿಮಿಷ ಕುಳಿತಿದ್ದಾಗಲೂ ಇದೇ ಬಣ್ಣ, ಶುಗರ್ ಇಳದಿತ್ತು ಅಂದಿದ್ದ. ಎಲ್ಲರಿಗೂ ಒಂದೇ ಕೆಂಪು ಟೋಪಿ, ಒಂದೇ ಕಪ್ಪು ಮೈ, ದಡದ ಕೆಸರಿನಲ್ಲಿ ಪಚಪಚ ತುಳಿಯುತ್ತ ನೀರಿಗಿಳಿಯುತ್ತಾರೆ, ಕೆಸರಲ್ಲಿ ಬಾತುಕೋಳಿಯ ಹೇಲು, ಯಾರದೋ ಉಗುಳು, ಹೀರಿ ಎಸೆದ ಅಂಟಿನ ಪ್ಯಾಕೆಟ್ಟು, ಒಬ್ಬ ದಡದಲ್ಲೇ ಬಗ್ಗಿ ತಿಂದದ್ದೆಲ್ಲ ಕಾರಿಕೊಂಡು ಬಾಯಿ ಒರೆಸಿಕೊಂಡು ನೀರಿಗೆ ಹೋದ, ಸುತ್ತ ನಿಂತವರು ಶಭಾಷ್ ಎನ್ನುವಂತೆ ಬೆನ್ನು ತಟ್ಟಿದರು, ಹುಚ್ಚರು, ಹುಚ್ಚರ ಸಂತೆ, ಇದಕ್ಕೆ ಊರೆಲ್ಲ ಚಪ್ಪಾಳೆ. ಹದಿಮೂರು ಡಿಗ್ರಿ ನೀರು ಎಂದು ಹಲಗೆಯ ಮೇಲೆ ಬರೆದಿದ್ದಾರೆ, ಹದಿಮೂರು ಡಿಗ್ರಿ ಮುಖಕ್ಕೆ ಬಡಿದರೆ ಸರಿಯಿರುವ ಹೃದಯವೇ ಒಮ್ಮೆ ಬೆಚ್ಚುತ್ತದೆ, ಮುಗ್ಗರಿಸುವ ಹೃದಯಕ್ಕೆ ಏನಾಗುತ್ತದೆ ಎಂದು ಯಾವ ವಿದ್ಯಾರ್ಥಿಯಾದರೂ ಹೇಳುತ್ತಾನೆ, ಅವನೂ ಓದಿದ್ದಾನೆ, ನಾನೂ ಓದಿದ್ದೇನೆ, ಹುಬ್ಬಳ್ಳಿಯ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕುಳಿತು ಓದಿದ್ದೇವೆ. ನೀರು ಅವನ ಎದೆಗೆ ಬಂತು, ಹೆಗಲಿಗೆ ಬಂತು, ಅಲ್ಲಿ ಅವನು ಟೋಪಿಗಳ ನಡುವೆ ಕರಗಿಹೋದ, ಎಲ್ಲಿ, ಇದಲ್ಲ, ಅದಲ್ಲ, ಯಾವುದು. ಅಷ್ಟರಲ್ಲಿ ಗುಡ್ಡದಿಂದ ಮಂಜು ಇಳಿದು ಆಚೆ ದಡ ಕಾಣದಾಯಿತು, ಕೆರೆಯ ನಡುವಿನ ತೇಲುಗುರುತು ಕಾಣದಾಯಿತು, ಧ್ವನಿವರ್ಧಕ ಹಿಡಿದ ಮುದುಕ ಹತ್ತು ನಿಮಿಷ ತಡೆಯಿರಿ ಎಂದು ಕೂಗಿದ, ನೀರಿನಲ್ಲೇ ಇರಿ, ಕೈಕಾಲು ಆಡಿಸುತ್ತಿರಿ.

ಹತ್ತು ನಿಮಿಷ. ಕೊಟ್ಟವರು ಯಾರೋ, ಕೊಟ್ಟಿದ್ದಾರೆ. ಹೇಳಬೇಕು, ಹೇಳಿದರೆ ಏನಾಗುತ್ತದೆ, ಸುಳ್ಳು ಪತ್ರ ಬರೆದ ಡಾಕ್ಟರು, ಗಂಡನಿಗೆ ಬರೆದವಳು, ನೋಂದಣಿಯೇ ಹೋಗಬಹುದು, ಹೋಗದಿದ್ದರೂ ವಿಚಾರಣೆ, ಪತ್ರ, ಕ್ಲಿನಿಕ್ಕಿನವರ ಮುಖ, ಅವನಂತೂ, ನಾನೂರು ಜನರ ಎದುರು ನೀರಿನಿಂದ ಎಳೆಸಿದವಳನ್ನು ಅವನು ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ, ಮುಂದಿನ ಯುಗಾದಿಗೆ ಯಾವ ಮುಖ ಹೊತ್ತು ಹೋಗುತ್ತಾನೆ, ಹೇಳದಿದ್ದರೆ, ಹೇಳದಿದ್ದರೆ ಎಲ್ಲ ಭಾನುವಾರಗಳೂ ನನ್ನವೇ, ಕಾಲು ಚಾಚಿ ಕಿಟಕಿಯ ಹತ್ತಿರ— ಥೂ, ಎಂದಳು, ಈ ಸಲ ಬಾಯಿಬಿಟ್ಟೇ ಎಂದಳು, ಕಾಲು ಆಗಲೇ ನಡೆದಿತ್ತು, ಕೆಸರು ಬೂಟಿನೊಳಗೆ ಹೊಕ್ಕಿತು, ಹಸಿರು ಡೇರೆಯೊಳಗೆ ವೈದ್ಯ ಎಂದು ಬರೆದ ಹಳದಿ ಜಾಕೆಟ್ ಹಾಕಿಕೊಂಡು ಕುಳಿತವನು ಎದ್ದು ನಿಂತ, ಕಾರ್ತಿಕೇಯ, ಅಯ್ಯೋ ಇವನೇ, ಮೈಸೂರಿನ ಹುಡುಗ, ಆರು ತಿಂಗಳು ಅವಳ ಕ್ಲಿನಿಕ್ಕಿನಲ್ಲೇ ಕೆಲಸ ಕಲಿತವನು, ಮನೆಯವರಿಗೆ ಮದ್ದು ಕೊಡಬಾರದು ಎಂಬ ಪಾಠವನ್ನು ಟಿಪ್ಪಣಿ ಮಾಡಿಕೊಂಡವನು. ಮೇಡಂ, ಬನ್ನಿ ಕೂತ್ಕೊಳ್ಳಿ, ಟೀ ಇದೆ, ಎಂದ, ಬೆಳಗ್ಗೆಯಿಂದ ಐವತ್ತು ದಾಟಿದ ಹತ್ತೊಂಬತ್ತು ಜನರ ಎದೆಯನ್ನು ಒಬ್ಬೊಬ್ಬರದಾಗಿ ಮತ್ತೆ ಕೇಳಿದೆ ಎಂದು ಹೆಮ್ಮೆಯಿಂದ ಹೇಳಿದ, ಇಬ್ಬರನ್ನು ವಾಪಸ್ಸೂ ಕಳಿಸಿದನಂತೆ. ಸರ್‌ದು ಮಾತ್ರ ನೋಡ್ಲಿಲ್ಲ ಮೇಡಂ, ಪತ್ರದ ಕೆಳಗೆ ನಿಮ್ಮ ಸಹಿ ಇತ್ತಲ್ಲ, ಅದ್ರ ಮೇಲೆ ನಾನೇನು ನೋಡೋದು, ಎಂದು ನಕ್ಕ. ಇವನಿಗೆ ಗೊತ್ತಿತ್ತು, ಸಿದ್ದರಾಮಪ್ಪ ಯಾರು ರಾಜಶೇಖರ ಯಾರು ಎಂದು ಇಡೀ ಕೆರೆಯಲ್ಲಿ ಇವನೊಬ್ಬನಿಗೆ ಗೊತ್ತಿತ್ತು, ನಮ್ಮವರು ಎಂದು ಸುಮ್ಮನಿದ್ದ, ಮೇಡಂ ತಪ್ಪು ಬರೆಯುತ್ತಾರೆಯೇ ಎಂದು ಸುಮ್ಮನಿದ್ದ, ಅವಳ ಕೈಯಲ್ಲಿ ಕರಡಿಗೆ ತಣ್ಣಗಾಗಿತ್ತು. ಕಾರ್ತಿಕೇಯ, ಆ ಪತ್ರ ಸುಳ್ಳು, ಎಂದಳು, ಅವರ ಬಡಿತ ತಪ್ತದೆ, ಜೂನ್‌ನಲ್ಲೇ ಕೇಳಿದೀನಿ, ಹೊರಗೆ ತೆಗೆಸು. ಅವನ ಮುಖದಿಂದ ನಗು ಹೋಗುವುದಕ್ಕೆ ಎಷ್ಟು ಹೊತ್ತು ಬೇಕಾಯಿತು, ಒಂದು ಬಡಿತ, ಎರಡು, ಮೂರು, ಆಮೇಲೆ ಏನೂ ಇಲ್ಲ, ಆಮೇಲೆ ಅವನು ಓಡಿದ. ಓಡಿ ಮುದುಕನ ಕೈಯಿಂದ ಧ್ವನಿವರ್ಧಕ ಕಿತ್ತುಕೊಂಡು ರಾಜಶೇಖರನ ಟೋಪಿಯ ಅಂಕಿಯನ್ನು, ಇನ್ನೂರ ಹದಿನೇಳು, ಇನ್ನೂರ ಹದಿನೇಳು ಕೈ ಎತ್ತಿ, ಎಂದು ಕೂಗಿದ, ಯಾರೂ ಎತ್ತಲಿಲ್ಲ, ಕಿವಿಯ ಮೇಲೆ ಟೋಪಿಯಿದೆ, ಕೇಳಿಸಲಿಲ್ಲವೋ, ಕೇಳಿಸಿಯೂ ಎತ್ತಲಿಲ್ಲವೋ, ಕೇಳಿಸಿಯೂ ಎತ್ತುವ ಜಾತಿಯಲ್ಲ, ಸಣ್ಣ ದೋಣಿಯಲ್ಲಿ ಹೆಂಗಸೊಬ್ಬಳು ಹುಟ್ಟು ಹಾಕುತ್ತ ತಲೆಗಳ ನಡುವೆ ಹೊರಟಳು, ಮಂಜಿನಲ್ಲಿ ಟೋಪಿಯ ಅಂಕಿ ಓದಲಾಗುತ್ತಿಲ್ಲ ಎಂದು ತಿರುಗಿ ಕೂಗಿದಳು, ಯಾರು, ಯಾವುದು, ಮುದುಕ ಗಡಿಯಾರ ನೋಡಿಕೊಂಡ, ನಾನೂರು ಜನ ಚಳಿಗೆ ಸಾಯುತ್ತಾರೆ, ನಾನು ಶುರುವಿನ ಕಹಳೆ ಊದಲೇಬೇಕು ಎಂದ. ಚಂದ್ರಿಕಾ ನೀರಿಗಿಳಿದಳು, ಮೊಣಕಾಲಿಗೆ ಬಂತು, ಎಷ್ಟು ತಣ್ಣಗಿದೆ, ತೊಡೆಗೆ ಬಂತು, ಟೋಪಿ, ಟೋಪಿ, ಕೆಂಪು ಟೋಪಿ, ಎಲ್ಲರ ಕೈಯೂ ನೀರು ಬಡಿಯುತ್ತಿದೆ, ಎಲ್ಲರ ಕೈಯೂ ಆಡುತ್ತಿದೆ, ಎಲ್ಲರದೂ ಅಲ್ಲ, ಮೂರನೆಯ ಸಾಲಿನ ಬಲತುದಿಯಲ್ಲಿ ಒಬ್ಬನ ಕೈ ಆಡುತ್ತಿಲ್ಲ, ನೀರಿನಿಂದ ಮೇಲೆ ಬಂದು ರಬ್ಬರಿನ ಕಾಲರನ್ನು ಕೆಳಗೆ ಜಗ್ಗಿ ಅಲ್ಲೇ ನಿಂತಿದೆ, ಅವನು ಅವಳನ್ನು ನೋಡುತ್ತಿಲ್ಲ, ಯಾರನ್ನೂ ನೋಡುತ್ತಿಲ್ಲ, ಎಣಿಸುತ್ತಿದ್ದಾನೆ, ಅಲ್ಲಿ, ಎಂದು ಕೂಗಿದಳು, ಕೈ ನೋಡಿ, ಆ ಕೈ, ದೋಣಿ ತಿರುಗಿತು, ಕಪ್ಪು ನೀರು, ಕೆಂಪು ಟೋಪಿ, ಕುತ್ತಿಗೆಯ ಮೇಲೆ ಎರಡು ಬೆರಳು, ಎರಡು ಬೆರಳು, ಎರಡು