ರಾಳ ಹಚ್ಚದ ಕಮಾನು

ರಾಜೇಶ್ವರಿಯ ಬೆರಳುಗಳು ಬಸ್ಸಿನಲ್ಲಿಯೂ ಸುಮ್ಮನಿರುತ್ತಿರಲಿಲ್ಲ. ರಾಯಬಾಗದಿಂದ ಚಿಕ್ಕೋಡಿಗೆ ಹೊರಟರೆ ತೊಡೆಯ ಮೇಲಿನ ವಯೊಲಿನ್ ಪೆಟ್ಟಿಗೆಯ ಮುಚ್ಚಳದ ಮೇಲೆ ಅವು ತಮ್ಮಷ್ಟಕ್ಕೆ ಓಡಾಡುತ್ತಿದ್ದವು. ಕಾಗವಾಡದಲ್ಲಿ ಮರಾಠಿ ಅಭಂಗಗಳಿಗೆ, ಅಥಣಿಯಲ್ಲಿ ನಾಟಕಗಳಿಗೆ, ನಿಪ್ಪಾಣಿಯಲ್ಲಿ ಮದುವೆಯ ಆರ್ಕೆಸ್ಟ್ರಾಗಳಿಗೆ ಅವಳು ನುಡಿಸಿದ್ದಳು. ಅಭಂಗದವರು ಅವಳನ್ನು ‘ನಾಟಕದಾಕಿ’ ಎನ್ನುತ್ತಿದ್ದರು. ನಾಟಕದವರು ‘ಆರ್ಕೆಸ್ಟ್ರಾದಾಕಿ’ ಎನ್ನುತ್ತಿದ್ದರು. ಎಲ್ಲಿಯೂ ಅವಳು ನೆಲೆ ನಿಲ್ಲಲಿಲ್ಲ. ಚಿಕ್ಕೋಡಿಯ ಒಂದು ಪ್ರೌಢಶಾಲೆಯಲ್ಲಿ ಆರು ಮಕ್ಕಳಿಗೆ ವಯೊಲಿನ್ ಕಲಿಸತೊಡಗಿದ ಮೇಲಷ್ಟೇ, ಇದೊಂದು ತನ್ನದು ಎಂದು ಅವಳಿಗೆ ಅನ್ನಿಸಿತ್ತು.

ಮುಖ್ಯೋಪಾಧ್ಯಾಯ ಧರಣೇಂದ್ರ ಅವಳನ್ನು ಕೋಣೆಗೆ ಕರೆಸಿದರು.

“ವರ್ಷದ ಸ್ನೇಹಸಮ್ಮೇಳನಕ್ಕ ದೊಡ್ಡ ಮಂದಿ ಬರಾಕತ್ತಾರ್ರಿ ಅಕ್ಕೋರ. ಸ್ಪೀಕರ್‌ದಾಗ ನಿಮ್ಮ ರೆಕಾರ್ಡ ಹಚ್ಚೋಣ, ಹುಡುಗರು ಬರೇ ಕೈ ಆಡಸ್ಲಿ.”

ಮಕ್ಕಳು ಮನೆಯಲ್ಲಿ ಕೇಳಿ ಕಲಿಯಲೆಂದು ಭೂಪ ರಾಗದ ಒಂದು ಗತ್ತನ್ನು, ವಾದ್ಯಕ್ಕೆಂದೇ ಕಟ್ಟಿದ ಪುಟ್ಟ ರಚನೆಯನ್ನು, ಅವಳೇ ನುಡಿಸಿ ರೆಕಾರ್ಡ್ ಮಾಡಿ ಕೊಟ್ಟಿದ್ದಳು. ಧರಣೇಂದ್ರ ಹೇಳುತ್ತಿದ್ದುದು ಅದನ್ನೇ.

“ಹುಡುಗರ ಸಪ್ಪಳ ನಡುವ ಬರತೈತಲ್ರಿ ಸರ್.”

“ಕಮಾನಿಗೆ ರಾಳ ಹಚ್ಚಬ್ಯಾಡ್ರಿ. ತೊಳದ ಕಮಾನು ಸಪ್ಪಳಾನ ಮಾಡೂದಿಲ್ಲಂತ.”

ಅದು ನಿಜವೇ. ರಾಳದ ಪುಡಿ ಅಂಟಿದ್ದರೆ ಮಾತ್ರ ಕಮಾನಿನ ಕೂದಲು ತಂತಿಯನ್ನು ಹಿಡಿಯುತ್ತದೆ. ಇಲ್ಲದಿದ್ದರೆ ಮೂಕವಾಗಿ ಜಾರುತ್ತದೆ. ಆರ್ಕೆಸ್ಟ್ರಾ ವೇದಿಕೆಗಳಲ್ಲಿ ಈ ಉಪಾಯವನ್ನು ರಾಜೇಶ್ವರಿ ಕಂಡಿದ್ದಳು, ಹಾಗೆ ನುಡಿಸಲು ಹೇಳಿದವರ ಗುಂಪನ್ನು ಬಿಟ್ಟು ಎದ್ದೂ ಬಂದಿದ್ದಳು.

“ಇದು ಸುಳ್ಳಾಗೂದಿಲ್ಲೇನ್ರಿ?”

“ಸುಳ್ಳು ಹೆಂಗ್ರಿ? ನುಡಿಸಿದಾಕಿ ನೀವ, ಕಲಿಸಿದಾಕಿ ನೀವ. ಸಾಲೀನೂ ನಮ್ಮದ.”

ಪರೀಕ್ಷೆಯಲ್ಲಿ ನಕಲು ಮಾಡಿದ ಹುಡುಗನನ್ನು ಅಂಗಳದಲ್ಲಿ ನಿಲ್ಲಿಸಿ ಶಿಕ್ಷಿಸುವ ಶಾಲೆ ಅದು. ಅದೇ ನಕಲಿಗೆ ಈಗ ವೇದಿಕೆ ಕಟ್ಟಿ, ಹಾರ ಹಾಕಲು ಹೊರಟಿತ್ತು. ಮಕ್ಕಳಿಗೆ ಸುಳ್ಳನ್ನು ಪಾಠವಾಗಿ ಹೇಳಿಕೊಡುವವರು ಸುಳ್ಳು ಹೇಳುವವರಿಗಿಂತ ಹೆಚ್ಚು ಕೆಡಿಸುತ್ತಾರೆ. ಇದೆಲ್ಲ ಅವಳ ಬಾಯಿಯವರೆಗೆ ಬಂತು. ಆದರೆ ತರಗತಿಗೆ ಹೋಗಿ ಮಕ್ಕಳಿಗೆ ಧರಣೇಂದ್ರರ ಮಾತನ್ನು ತಿಳಿಸಿದಳು.

ಮಕ್ಕಳು ಕೇಳಿ ಅಳಬಹುದೆಂದು ಅವಳು ಎಣಿಸಿದ್ದಳು. ಕರೋಶಿಯಿಂದ ಬರುತ್ತಿದ್ದ ಒಂಬತ್ತನೆಯ ತರಗತಿಯ ನೀಲಮಳ ಮುಖ ಮಾತ್ರ ಅರಳಿತು. ಗತ್ತಿನ ನಡುವೆ ಮೇಲಿನ ಷಡ್ಜದಿಂದ ಧೈವತಕ್ಕೆ ಬೆರಳು ಜಾರಿಸುವ ಮೀಂಡವೊಂದನ್ನು ಅವಳು ಒಬ್ಬಳೇ ನುಡಿಸಬೇಕಿತ್ತು. ಅಲ್ಲಿ ಪ್ರತಿಸಲವೂ ಎಡವುತ್ತಿದ್ದಳು.

“ಹಂಗಾರ ಅಲ್ಲಿ ತಪ್ಪಿದ್ರೂ ಗೊತ್ತಾಗೂದಿಲ್ಲೇನ್ರಿ ಅಕ್ಕೋರ?”

“ಇಲ್ಲವಾ.”

“ಚಲೋ ಆತ್ ಬಿಡ್ರಿ. ಇನ್ ದಿನಾ ತಾಲೀಮು ಯಾಕ ಬೇಕ್ರಿ? ನಾ ಕುಯ್ ಅನಿಸಿದ್ರ ಎಮ್ಮಿ ಸೊರ ಬಿಟ್ಟು ಹಾಲ ಕೊಡವಲ್ದು ಅಂತ ನಮ್ಮವ್ವ ಬೈತಾಳ. ಆ ಎಮ್ಮಿಗೂ ಸುಖಾ ಆತು.”

ಮಕ್ಕಳೆಲ್ಲ ನಕ್ಕರು. ಸಂಜೆ ರಾಯಬಾಗಕ್ಕೆ ಮರಳುವ ಬಸ್ಸಿನಲ್ಲಿ ರಾಜೇಶ್ವರಿಯ ಬೆರಳುಗಳು ಪೆಟ್ಟಿಗೆಯ ಮೇಲೆ ಅಲುಗದೆ ಬಿದ್ದಿದ್ದವು. ಅದನ್ನು ಗಮನಿಸಿ ಅವಳಿಗೆ ಹೆದರಿಕೆಯಾಯಿತು.

ಸಮ್ಮೇಳನದ ದಿನ ಎಲ್ಲರಿಗಿಂತ ಮೊದಲು ಬಂದು, ವೇದಿಕೆಯ ಹಿಂದೆ ಕೂತು, ಆರೂ ಕಮಾನುಗಳಿಗೆ ರಾಳ ತಿಕ್ಕತೊಡಗಿದಳು. ನೀಲಮ ಬಂದು ಎದುರು ನಿಂತಳು.

“ಹೆಡ್ ಸರ್ ಬ್ಯಾಡ ಅಂದಾರಲ್ರಿ.”

“ಅವರನ್ನ ನಾ ನೋಡ್ಕೊಂತೀನಿ.”

“ಅಲ್ಲಿ ನಾ ಎಡವತೀನ್ರಿ. ಮಂದಿ ನಗತಾರ. ನಮ್ಮವ್ವನೂ ಕಬ್ಬಿನ ಕೆಲಸಾ ಬಿಟ್ಟು ಬಂದಾಳ.”

“ಎಡವು. ಎಡವಿದ್ರೂ ಅದು ನಿಂದು. ರೆಕಾರ್ಡ ನಂದು.”

“ನಿಮಗೇನ್ರಿ,” ಎಂದಳು ನೀಲಮ, “ನೀವು ಎಡವಾಂಗಿಲ್ಲ.” ರಾಳ ಹಚ್ಚಿದ್ದ ತನ್ನ ಕಮಾನನ್ನು ಕಸಿದುಕೊಂಡೇ ಹೋದಳು.

ಆ ಮಾತು ನಾಟಿತು. ಆದರೂ ರಾಜೇಶ್ವರಿ ಸ್ಪೀಕರ್ ಹಚ್ಚುವ ಮಲ್ಲೇಶನ ಬಳಿಗೆ ಹೋದಳು.

“ರೆಕಾರ್ಡ ಹಚ್ಚಬ್ಯಾಡಪ್ಪ. ಮೈಕ್ ಹುಡುಗರ ಮುಂದ ಇಡು.”

“ಹೆಡ್ ಸರ್ ಕೇಳಿದ್ರ ಏನ್ ಹೇಳ್ಲಿ ಬಾಯಾರ?”

“ಪೆನ್ ಡ್ರೈವ್ ಅಕ್ಕೋರ ಚೀಲದಾಗ ಐತಿ ಅನ್ನು.” ಎಂದವಳೇ ರೆಕಾರ್ಡ್ ಇದ್ದ ಪೆನ್ ಡ್ರೈವನ್ನು ಸ್ಪೀಕರಿನಿಂದ ಕಿತ್ತು ಚೀಲಕ್ಕೆ ಹಾಕಿಕೊಂಡಳು.

ಮಕ್ಕಳು ನುಡಿಸಿದರು. ಧ್ವನಿ ತೆಳ್ಳಗಿತ್ತು, ಇಬ್ಬರು ಮುಂದೆ ಓಡಿದರು, ಒಬ್ಬ ಹಿಂದೆ ಉಳಿದ. ಮೀಂಡದ ಜಾಗ ಬಂತು. ನೀಲಮಳ ಕಮಾನು ನಡುಗಿ ಕಿರ್ರೆಂದಿತು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಅವಳು ನಿಂತಳು, ತುಟಿ ಕಚ್ಚಿದಳು, ಷಡ್ಜಕ್ಕೆ ಮರಳಿ ಇನ್ನೊಮ್ಮೆ ಹಿಡಿದಳು. ಅರ್ಧ ದಾರಿ ಜಾರಿದ ಸ್ವರ ಉಳಿದರ್ಧವನ್ನು ಹಾರಿ ದಾಟಿತು.

“ನಾಳಿಂದ ಬರೂದು ಬ್ಯಾಡ್ರಿ ಅಕ್ಕೋರ,” ಎಂದರು ಧರಣೇಂದ್ರ, ಅತಿಥಿಗಳು ಹೋದ ಮೇಲೆ. “ಸಾಲಿ ಮಾನಾ ಕಳದ್ರಿ.”

“ಸಾಲಿ ಹುಡುಗರು ನುಡಿಸಿದ್ರು ಸರ್. ಅದರಾಗ ಮಾನಾ ಹೋಗುವಂಥಾದ್ದೇನೈತ್ರಿ?”

ರಾಜೇಶ್ವರಿ ಪೆಟ್ಟಿಗೆ ಎತ್ತಿಕೊಂಡು ಹೊರಟಳು. ನೀಲಮಳ ತಾಯಿ ಸತ್ತೆವ್ವ ಬಾಗಿಲಲ್ಲಿ ಸಿಕ್ಕಳು. “ಮನ್ಯಾಗ ಕುಯ್ ಅನಿಸಿದಂಗ ಇಲ್ಲೂ ಅನಿಸಿದ್ಲರಿ,” ಎಂದು ಸೆರಗು ಬಾಯಿಗೆ ಹಿಡಿದು ನಕ್ಕಳು. ಅವಳ ಪಕ್ಕದಲ್ಲಿ ನಿಂತಿದ್ದ ನೀಲಮ ರಾಜೇಶ್ವರಿಯತ್ತ ತಿರುಗಿಯೂ ನೋಡಲಿಲ್ಲ.

ಶಾಲೆಯ ಕೆಲಸ ತಪ್ಪಿತು. ರಾಜೇಶ್ವರಿ ಮತ್ತೆ ಊರೂರು ತಿರುಗತೊಡಗಿದಳು. ಒಂದು ಮಧ್ಯಾಹ್ನ ಚಿಕ್ಕೋಡಿಯ ನಿಲ್ದಾಣದಲ್ಲಿ ನಿಪ್ಪಾಣಿಯ ಬಸ್ಸಿಗೆ ಕಾಯುತ್ತಿದ್ದಾಗ, ಶಾಲೆಯ ಚೀಲ ಹೊತ್ತ ನೀಲಮ ಎದುರಿಗೆ ಬಂದು ನಿಂತಳು. ಅವಳ ಕೈಯಲ್ಲಿ ವಯೊಲಿನ್ ಪೆಟ್ಟಿಗೆ ಇತ್ತು.

“ರಾಳ ಮುಗದೈತ್ರಿ. ಒಂದ್ ತುಣಕ ಕೊಡ್ರಿ.”

“ನನ್ನ ಮ್ಯಾಲ ಇನ್ನೂ ಸಿಟ್ಟೈತೇನವಾ?”

“ಐತ್ರಿ,” ಎಂದಳು ನೀಲಮ. “ಆ ಮೀಂಡದ ಜಾಗಾ ಇನ್ನೂ ಬರವಲ್ದು. ಪೂರಾ ಬರೂತನಾ ನನಗ ಸಮಾಧಾನಿಲ್ಲ.”

ರಾಜೇಶ್ವರಿ ತನ್ನ ರಾಳದ ಬಿಲ್ಲೆಯನ್ನು ಕಲ್ಲುಬೆಂಚಿನ ಅಂಚಿಗೆ ಬಡಿದು ಎರಡು ಮಾಡಿದಳು, ದೊಡ್ಡ ತುಂಡನ್ನು ಕೊಟ್ಟಳು. ಅಷ್ಟರಲ್ಲಿ ನಿಪ್ಪಾಣಿಯ ಬಸ್ಸು ಬಂದು ನಿಂತಿತು. ಕಂಡಕ್ಟರ್ ಪರಿಚಯದವನು, “ಬರ್ರಿ ಬಾಯಾರ, ಹೊತ್ತಾತು,” ಎಂದು ಕೂಗಿದ.

“ಮುಂದಿನ ಬಸ್ಸಿಗೆ ಬರ್ತೀನಪ್ಪ,” ಎಂದು ಅವಳು ನೀಲಮಳ ಕಡೆ ತಿರುಗಿದಳು. “ಪೆಟಗಿ ತಗಿ. ಷಡ್ಜದಿಂದ ಹಿಡಿ.”