ಅಂಜಮ್ಮಜ್ಜಿಯ ದಬ್ಬಳ

ಅಮಾವಾಸ್ಯೆ ಬಂತೆಂದರೆ ಅಂಜಮ್ಮಜ್ಜಿಯ ಜಗಲಿ ತುಂಬ ಜನ. ಕೆರೆಬಿಳಚಿ, ತ್ಯಾವಣಿಗೆ ಕಡೆಯ ಹಳ್ಳಿಗಳಿಂದೆಲ್ಲ ಕಂಕುಳಲ್ಲಿ ಕೂಸು ಎತ್ತಿಕೊಂಡು ಬರುತ್ತಾರೆ. ಅಜ್ಜಿ ನೆಲನೆಲ್ಲಿ ಸೊಪ್ಪಿನ ರಸದಲ್ಲಿ ದಬ್ಬಳ ಅದ್ದಿ, ಕೂಸಿನ ಎಡತೋಳಿಗೆ ರಕ್ತ ಒಸರುವಂತೆ ಮೂರು ಗೀರು ಎಳೆದರೆ ಆ ಜೀವಕ್ಕೆ ಕಾಮಾಲೆ ತಟ್ಟುವುದಿಲ್ಲ ಅಂತ ನಂಬಿಕೆ. ಕಾಸು ಕೇಳುವವಳಲ್ಲ, ಜಾತಿ ಕೇಳುವವಳಲ್ಲ. ಇಂಥ ಪುಣ್ಯವಂತೆಗೆ ಬೇಡ ಅನ್ನಲು ಯಾರಿಗೆ ಬಾಯಿ ಬಂದೀತು ಹೇಳಿ!

ಬೇಡ ಅನ್ನಲೆಂದೇ ಮೊಮ್ಮಗಳು ಅರ್ಪಿತಾ ಬಂದಿದ್ದಳು. ದಾವಣಗೆರೆಯ ರಕ್ತನಿಧಿಯೊಂದರ ಪ್ರಯೋಗಾಲಯದಲ್ಲಿ ಅವಳದು ಸಂಶೋಧನೆ. ದಾನಿಗಳ ರಕ್ತದಲ್ಲಿ ಯಾವ ಸೋಂಕು ಅಡಗಿದೆ, ಅದು ರೋಗಿಯ ಮೈ ಸೇರದಂತೆ ಹೇಗೆ ತಡೆಯಬೇಕು, ಇದೇ ಅವಳ ಕೆಲಸ. ಈಚೆಗೆ ತನ್ನೂರ ಸುತ್ತಿನ ಗಟ್ಟಿಮುಟ್ಟಾದ ಹುಡುಗರ ರಕ್ತವನ್ನೇ ಮತ್ತೆ ಮತ್ತೆ ಚೆಲ್ಲಬೇಕಾಗಿ ಬರುತ್ತಿತ್ತು. ಹೆಪಟೈಟಿಸ್ ಬಿ, ಲಿವರನ್ನು ಒಳಗೊಳಗೇ ತಿನ್ನುವ ಕಾಮಾಲೆ. ಕರೆದು ವಿಚಾರಿಸಿದರೆ ಎಲ್ಲರ ಎಡತೋಳಿನಲ್ಲೂ ಮೂರು ಗೀರು.

ಅದಕ್ಕಿಂತ ದೊಡ್ಡದೊಂದು ಮಾತು ಅಜ್ಜಿಗೆ ಹೇಳುವುದಿತ್ತು, ಬಿಸಿತುಪ್ಪದಂಥದ್ದು. ಅಡುಗೆಮನೆಗೂ ಪಡಸಾಲೆಗೂ ಸುಮ್ಮನೆ ಓಡಾಡಿದಳು. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು.

ಅಷ್ಟರಲ್ಲಿ ಅಣ್ಣ ತಿಪ್ಪೇಶ್ ತನ್ನ ಎಳೆಗೂಸನ್ನು ತಂದು ಪಡಸಾಲೆಯಲ್ಲಿದ್ದ ಅಜ್ಜಿಯ ಮುಂದೆ ಹಿಡಿದ. ಜ್ವರ ಬರುತ್ತದೆಂದು ಅದಕ್ಕೆ ಕಾಮಾಲೆ ತಡೆಯುವ ಲಸಿಕೆಯನ್ನೂ ಹಾಕಿಸಿರಲಿಲ್ಲ, ಪುಣ್ಯಾತ್ಮ.

"ಮೊದಲು ಮನೆ ಕೂಸಿಗೆ ಹಾಕಜ್ಜಿ."

ಅರ್ಪಿತಾ ಅಜ್ಜಿಯ ಕೈ ಹಿಡಿದಳು. "ದಬ್ಬಳ ಕುದಿಸಿದ್ದೀಯಾ?"

"ಬೆಂಕಿ, ನೀರು ಮುಟ್ಟಿಸಿದ್ರೆ ಅದರ ಗುಣ ಹೋಗ್ತೈತೆ ಕಣೇ. ನಮ್ಮತ್ತೆ ಕಾಲದಿಂದ ಹಿಂಗೇ ನಡ್ಕೊಂಡು ಬಂದೈತೆ. ಸೆರಗಿಗೆ ಒರೆಸ್ತೀನಲ್ಲ, ಸಾಲದಾ?"

"ಸಾಲದಜ್ಜಿ. ಒಂದು ಕೂಸಿನ ರಕ್ತ ಇನ್ನೊಂದಕ್ಕೆ ಹತ್ತುತ್ತೆ. ಕಣ್ಣಿಗೆ ಕಾಣದಷ್ಟಿದ್ರೂ ಸಾಕು. ಯಾವ ಕಾಮಾಲೆ ಬರಬಾರ್ದು ಅಂತ ಗೀರ್ತೀಯೋ ಅದನ್ನೇ ಮೈಯೊಳಗೆ ಬಿಡ್ತಿದ್ದೀಯ."

ತಿಪ್ಪೇಶ್ ಸಿಡಿದ. "ಎರಡಕ್ಷರ ಕಲ್ತೆ ಅಂತ ಅಜ್ಜಿಗೇ ಬುದ್ಧಿ ಹೇಳಾಕೆ ಬಂದೆಯಾ? ನಾವೂ ಗೀರಿಸ್ಕೊಂಡೋರೇ. ಸತ್ತು ಹೋದ್ವಾ?"

"ಎಲ್ಲರಿಗೂ ಹತ್ತಲ್ಲಣ್ಣ. ಹತ್ತಿದ್ರೂ ಎಷ್ಟೋ ವರ್ಷ ಗೊತ್ತಾಗಲ್ಲ. ಆಮೇಲೆ ಹೊಟ್ಟೆ ಉಬ್ಬಿ..." ಅವಳು ಅಲ್ಲಿಗೇ ನಿಲ್ಲಿಸಿದಳು.

ಅಜ್ಜಿ ತಲೆಯೆತ್ತಿದಳು. ಅವಳ ಮಗ, ಅರ್ಪಿತಾ, ತಿಪ್ಪೇಶರ ಅಪ್ಪ ಓಂಕಾರಪ್ಪ, ಹೊಟ್ಟೆ ಉಬ್ಬಿಯೇ ಸತ್ತವನು. ಕದ್ದು ಕುಡಿಯುತ್ತಿದ್ದ ಅಂತ ಊರು ಆಡಿಕೊಂಡಿತ್ತು. ಹೆಣದ ಮುಂದೆಯೂ ಆಡಿಕೊಂಡಿತ್ತು, ಹಾಳು ನಾಲಿಗೆ!

"ಯಾಕೆ ನಿಲ್ಲಿಸ್ದೆ? ಹೇಳು."

"ಅಪ್ಪ ಹಾಸಿಗೆ ಹಿಡಿದಾಗ ರಕ್ತ ಪರೀಕ್ಷೆ ಮಾಡಿದ್ದು ನಾನೇ. ಇದೇ ರೋಗ ಇತ್ತಜ್ಜಿ. ಎಲ್ಲಿಂದ ಬಂತು ಅಂತ ಆಗ ತಿಳೀಲಿಲ್ಲ, ಅದಕ್ಕೇ ಯಾರಿಗೂ ಹೇಳಲಿಲ್ಲ."

"ಚಿಕ್ಕೋನಿದ್ದಾಗ ಪ್ರತಿ ವರ್ಷ ಗೀರ್ತಿದ್ದೆ," ಅಂದಳು ಅಜ್ಜಿ. "ಒಬ್ಬನೇ ಮಗ, ಏನೂ ಆಗಬಾರ್ದು ಅಂತ. ಹಂಗಾದ್ರೆ ನಾನೇ ಕೊಂದೆನೇನೇ?"

ಇಲ್ಲ ಅಂದುಬಿಡಬಹುದಿತ್ತು. ಮುದುಕಿ ನೆಮ್ಮದಿಯಿಂದ ಇರುತ್ತಿದ್ದಳು, ದಬ್ಬಳವೂ ಕೂಸಿನ ತೋಳಿಗೆ ಇಳಿಯುತ್ತಿತ್ತು. "ದಬ್ಬಳದಿಂದಲೇ ಬಂದಿರಬೇಕಜ್ಜಿ. ನಿನಗೆ ಗೊತ್ತಿರಲಿಲ್ಲ," ಅಂದಳು ಅರ್ಪಿತಾ. ಅಷ್ಟು ಹೇಳಿ ಅಜ್ಜಿಯ ಮಡಿಲಲ್ಲಿ ಮುಖವಿಟ್ಟು ಅತ್ತಳು.

ತಿಪ್ಪೇಶ್ ಕೂಸನ್ನು ಎದೆಗೆ ಎಳೆದುಕೊಂಡ.

ಜಗಲಿಯಿಂದ ಚಿಕ್ಕಹನುಮಂತಪ್ಪ ಕೂಗಿದ. ಅವನೂ ಮೊಮ್ಮಗನನ್ನು ಕರೆತಂದಿದ್ದ. "ಬೇಗ ಬರ್ರಮ್ಮ, ಬಸ್ಸು ಹೋಗ್ತೈತೆ!"

ಅಜ್ಜಿ ಗೋಡೆ ಹಿಡಿದು ಎದ್ದು ಹೊರಗೆ ಬಂದಳು. "ಹನುಮಂತಪ್ಪ, ನನ್ನ ಮಗ ಏನಾಗಿ ಸತ್ತ ಹೇಳು."

ಅವನು ತಲೆ ಕೆರೆದುಕೊಂಡ. "ಈಗ್ಯಾಕಮ್ಮ ಅದು... ಕುಡಿತ ಅಂತಾರಪ್ಪ."

"ಒಂದು ತೊಟ್ಟು ಮುಟ್ಟಿದೋನಲ್ಲ ಅವನು. ನನ್ನ ದಬ್ಬಳವೇ ಅವನ್ನ ತಿಂತು. ಇನ್ನು ಯಾರ ಕೂಸಿಗೂ ಗೀರು ಹಾಕಾಕಿಲ್ಲ. ಲಸಿಕೆ ಹಾಕಿಸ್ರಿ, ನಡೀರಿ."

ಜನ ಗುಜುಗುಜು ಅಂದರು. ಒಬ್ಬ ತಾಯಿ ಗಾಬರಿಯಿಂದ ಕೇಳಿದಳು, "ನಮ್ಮ ದೊಡ್ಡೋನಿಗೆ ಆಗಲೇ ಗೀರು ಹಾಕಿಸಿದೀವಲ್ಲಜ್ಜಿ?"

"ರಕ್ತ ತೋರ್ಸು ತಾಯಿ. ಗೀರಿಸ್ಕೊಂಡೋರೆಲ್ಲ ತೋರಿಸ್ರಿ, ನಮ್ಮ ಹುಡುಗಿ ನೋಡ್ತಾಳೆ," ಅಂದಳು ಅಜ್ಜಿ. "ನನ್ನ ಮಗನ್ನ ಕುಡುಕ ಅಂದ್ರಲ್ಲ, ಅದೇ ಬಾಯಾಗೆ ಇದನ್ನೂ ನಾಲ್ಕೂರಿಗೆ ಹೇಳ್ರಿ."